ದೀಪ ಹತ್ತುವ ಮೊದಲು

ನಮ್ಮ ಮೋಟೆಬೆನ್ನೂರಿನ ಪಕ್ಕದ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ. ಮದುವೆಯಾದ ಮರುವರ್ಷ ನಾನು ರಾಣೆಬೆನ್ನೂರಿನ ಆಚೆ, ಬೆಳೆಗೆ ಔಷಧ ಹೊಡೆಯುವ ಪಂಪು ಜೋಡಿಸುವ ಕಾರ್ಖಾನೆಗೆ ಸೇರಿದೆ. ಹದಿನೈದು ದಿನ ತರಬೇತಿ. ಕೆಲಸ ಕೈಗೆ ಹತ್ತಿದರೆ ಕಾಯಂ, ಹತ್ತದಿದ್ದರೆ ಮನೆಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿದು, ಕೆಮ್ಮಿ ಕೆಮ್ಮಿ ಸಾಕಾಗಿದ್ದ ನನಗೆ ಈ ಕೆಲಸ ಬೇಕೇ ಬೇಕಿತ್ತು.

ಅಲ್ಲಿ ನಮಗೆ ಕೆಲಸ ಕಲಿಸುತ್ತಿದ್ದದ್ದು ಮನುಷ್ಯರಲ್ಲ, ಕಂಪ್ಯೂಟರು. ಮೇಜಿನ ಮೇಲೆ ಪರದೆ, ಸುತ್ತ ಬಿಡಿಭಾಗಗಳ ಡಬ್ಬಿಗಳು. ಪರದೆಯಲ್ಲಿ ಚಿತ್ರ ಬರುತ್ತದೆ, ಬೇಕಾದ ಡಬ್ಬಿಯ ಮೇಲೆ ಹಸಿರು ದೀಪ ಹತ್ತುತ್ತದೆ. ಕೈ ಹಾಕಿದರೆ ಮುಂದಿನ ಚಿತ್ರ. ಕೆಲಸ ಕಲಿತವರಿಗೆ ಅದು ಚಿತ್ರಗಳನ್ನು ತಾನೇ ಕಡಿಮೆ ಮಾಡುತ್ತದೆಂದು ಮೊದಲ ದಿನವೇ ಹೇಳಿದ್ದರಂತೆ. ನಾನು ಆಗ ಡಬ್ಬಿ ನೋಡುತ್ತಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೇ ದಿನಕ್ಕೇ ಪಂಪು ಜೋಡಿಸುವ ಹನ್ನೆರಡು ಹಂತಗಳೂ ನನಗೆ ಬಾಯಿಪಾಠ. ಜಂಬವಲ್ಲ, ನನ್ನ ಕೈ ಚುರುಕೇ. ಆದರೆ ದೊಡ್ಡವರು ಹೇಳುವ ಮುನ್ನ ಕೈ ಹಾಕಬಾರದೆಂದು ತವರಿನಲ್ಲೂ ಅತ್ತೆಯ ಅಡುಗೆಮನೆಯಲ್ಲೂ ಕಲಿತವಳು. ದೀಪ ಹತ್ತುವವರೆಗೆ ಕೈಕಟ್ಟಿ ಕೂರುತ್ತಿದ್ದೆ. ಇವಳಿಗೆ ತಿಳಿದಿಲ್ಲ ಎಂದುಕೊಂಡು ಯಂತ್ರ ಇನ್ನಷ್ಟು ನಿಧಾನವಾಗಿ, ಇನ್ನಷ್ಟು ದೊಡ್ಡ ಚಿತ್ರ ತೋರಿಸಿತು. ನಾನು ಇನ್ನಷ್ಟು ಕಾದೆ. ಪಕ್ಕದ ಮೇಜಿನವಳ ಪರದೆ ಖಾಲಿಯಾಗುತ್ತ ಬಂದಾಗ, ಪಾಪ, ಅವಳ ಕಂಪ್ಯೂಟರು ಕೆಟ್ಟಿದೆ ಎಂದು ಮರುಗಿದ್ದೂ ಉಂಟು.

ಹದಿನಾಲ್ಕನೇ ದಿನ ಮೇಲ್ವಿಚಾರಕರು ಬಂದು ನಿಂತರು. "ಒಂದ ಚಿತ್ರನೂ ಕಮ್ಮಿ ಆಗಿಲ್ಲಲ್ಲವ್ವಾ. ನಾಳೆ ಕಡೀ ದಿನ. ನಾ ಏನಂತ ಬರೀಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ಮೂರ ದಿನಕ್ಕ ಎಲ್ಲಾ ಬಂದೈತ್ರಿ ನನಗ!"

"ಮತ್ತ ಯಾಕ ಸುಮ್ಮನ ಕುಂದರತಿ?"

"ಅದು ಹೇಳೂಕಿಂತ ಮೊದಲ ಹೆಂಗ ಕೈ ಹಾಕ್ಲಿರಿ?"

ಅವರು ನಕ್ಕುಬಿಟ್ಟರು. "ಅದು ನಿನ್ನ ಕೈ ನೋಡಾಕತ್ತೈತಿ, ನೀ ಅದರ ಮಾರಿ ನೋಡಾಕತ್ತಿ."

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಮರುದಿನ ದೀಪದ ಹಂಗು ಬಿಟ್ಟೆ. ಪಿಸ್ಟನ್, ವಾಷರ್, ಸ್ಪ್ರಿಂಗ್, ಕೈ ತಾನಾಗಿ ನಡೆಯಿತು. ಚಿತ್ರಗಳು ಒಂದೊಂದಾಗಿ ಕಳಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಪರದೆಯಲ್ಲಿ ಏನೂ ಉಳಿದಿರಲಿಲ್ಲ. ನಾನು ಜೋಡಿಸಿದ ಪಂಪುಗಳಿಗೆ ನೀರು ತುಂಬಿ ಒತ್ತಿ ನೋಡಿದರು, ಒಂದೂ ಸೋರಲಿಲ್ಲ. ಅಷ್ಟು ಹೆಮ್ಮೆ ನನಗೆ ನನ್ನ ಮೇಲೆ ಯಾವತ್ತೂ ಆಗಿರಲಿಲ್ಲ.

"ಸೋಮವಾರದಿಂದ ಕಾಯಂ," ಎಂದರು ಮೇಲ್ವಿಚಾರಕರು. "ಬೇಕಾದ್ರ ಇವತ್ತ ಲಗೂ ಮನಿಗೆ ಹೋಗು."

"ಇನ್ನೂ ಹೊತ್ತೈತಲ್ರಿ," ಎಂದು, ಯಾರನ್ನೂ ಕೇಳದೆ ಮುಂದಿನ ಪಂಪಿಗೆ ಕೈ ಹಾಕಿದೆ.