ಆಕಾಶದ ಮರುದನಿಗಾಗಿ ಕುರಿ ಕಾಯುವ ಲಗಮಪ್ಪ

ತುಕ್ಕಾನಟ್ಟಿಯ ಹೊರಗೆ, ಗೋವಿನಜೋಳ ಕೊಯ್ದ ಹೊಲದಲ್ಲಿ ಇನ್ನೂ ಮಬ್ಬುಗತ್ತಲು. ಹೆಗಲಿಗೆ ಕಂಬಳಿ ಹಾಕಿ, ಕೋಲು ಹಿಡಿದು ಲಗಮಪ್ಪ ಕುರಿಹಿಂಡಿನ ಸುತ್ತ ನಡೆಯುತ್ತಿದ್ದಾರೆ. ಕುರಿಗಳು ಅವರವಲ್ಲ, ಹೆಂಡತಿಯ ತಮ್ಮ ಕಲ್ಲಪ್ಪನವರವು. ಲಗಮಪ್ಪನವರ ನೌಕರಿ ಇರುವುದು ಬಾಜೂ ಹೊಲದಲ್ಲಿ. ಅಲ್ಲಿ ಎತ್ತರದ ಕಂಬವೊಂದರಿಂದ ನಾಲ್ಕು ದಿಕ್ಕಿಗೂ ತಂತಿಗಳು ಇಳಿದಿವೆ. ಬುಡದಲ್ಲಿ ತಗಡಿನ ಕೋಣೆ, ಒಳಗೊಂದು ರೇಡಿಯೊ ಯಂತ್ರ. ವರ್ಷಗಟ್ಟಲೆ ಹಿಂಡಿನ ಹಿಂದೆ ತಿರುಗಿ ಮೊಣಕಾಲು ಸೋತ ಮೇಲೆ ಅವರು ಈ ಯಂತ್ರದ ಕಾವಲಿಗೆ ಸೇರಿದ್ದಾರೆ.

ಯಂತ್ರ ಮೇಲಕ್ಕೆ ರೇಡಿಯೊ ಅಲೆಗಳನ್ನು ಬಿಟ್ಟು, ಅವು ಮರಳುವುದನ್ನು ಕಾಯುತ್ತದೆ. ಬಹಳ ಎತ್ತರದಲ್ಲಿ, ಬಿಸಿಲಿನಿಂದ ವಿದ್ಯುತ್ ಕಣ ತುಂಬಿಕೊಂಡ ಗಾಳಿಯ ಪದರವಿದೆ. ಅದೇ ಅಯಾನುಗೋಳ. ದೂರದ ರೇಡಿಯೊ ಮಾತು, ಮೊಬೈಲಿಗೆ ದಾರಿ ತೋರಿಸುವ ಉಪಗ್ರಹದ ಸಂಕೇತ ಎರಡೂ ಈ ಪದರದ ಮರ್ಜಿಯಲ್ಲಿವೆ. ಘೋಡಗೇರಿ, ಹಿಡಕಲ್‌ಗಳಲ್ಲೂ ಇಂಥ ಯಂತ್ರಗಳನ್ನಿಟ್ಟು ಪದರದ ಏರಿಳಿತವನ್ನು ಹೋಲಿಸಿ ನೋಡುತ್ತಾರೆ.

ಲಗಮಪ್ಪ ವಿವರಿಸುವ ಬಗೆ ಬೇರೆ. “ಕತ್ತಲದಾಗ ತಪ್ಪಿಸಿಕೊಂಡ ಕುರಿ, ನಾವು ಕೂಗಿದ್ರ ಒದರತೈತ್ರಿ. ದನಿ ಕೇಳಿ ಎಷ್ಟ ದೂರ ಐತಿ ಅಂತೇವಿ. ಇದೂ ಹಂಗ.”

ಸೂರ್ಯ ಹುಟ್ಟುವಾಗ ಈ ಪದರ ಹೊಸದಾಗಿ ಬಲಗೊಳ್ಳುತ್ತದೆ. ವಿಜ್ಞಾನಿಗಳಿಗೆ ಆ ಹೊತ್ತಿನ ದಾಖಲೆ ಮುಖ್ಯ. ಕೆಡುತ್ತಿರುವುದೂ ಅದೇ ದಾಖಲೆ. ತೋಳದ ಭಯಕ್ಕೆ ಕಲ್ಲಪ್ಪ ಹಿಂಡಿನ ಸುತ್ತ ಝಟಕಾ, ಅಂದರೆ ಮುಟ್ಟಿದರೆ ಕರೆಂಟು ಹೊಡೆಯುವ ತಂತಿ, ಬಿಗಿದಿದ್ದಾರೆ. ಇಬ್ಬನಿಗೆ ತೊಯ್ದ ಹುಲ್ಲು ತಾಗಿದರೆ ತಂತಿ ಚಟಚಟ ಕಿಡಿ ಕಾರುತ್ತದೆ. ಆ ಕಿಡಿಯ ಗದ್ದಲದಲ್ಲಿ ಮೇಲಿನಿಂದ ಬಂದ ಮರುದನಿ ಯಂತ್ರಕ್ಕೆ ಕೇಳಿಸುವುದಿಲ್ಲ.

“ಈ ತಿಂಗಳೂ ಬೆಳಗಿನ ದಾಖಲೆ ಕೆಟ್ಟರ ಯಂತ್ರ ಬ್ಯಾರೆ ತಾಲೂಕಿಗೆ ಹೋಗತೈತ್ರಿ ಕಾಕಾ,” ಎಂದು ಮೂರೂ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನೇತ್ರಾ ಹೇಳಿ ಹೋಗಿದ್ದಾರೆ. ಯಂತ್ರ ಹೋದರೆ ಲಗಮಪ್ಪನವರ ನೌಕರಿಯೂ ಇಲ್ಲ.

ಅವರು ಕಲ್ಲಪ್ಪನವರನ್ನು ಕೇಳಿದರು. “ಹೊತ್ತ ಮೂಡೂತನಕ ಝಟಕಾ ಬಂದ್ ಇಡೋ. ಅಲ್ಲೀತನಕ ನಾ ಕಾಯ್ತೇನಿ.”

“ಮಾಂವಾ, ತೋಳ ನಿನ್ನ ಮುಗಲಿಗೆ ಬರಂಗಿಲ್ಲ, ನನ್ನ ಹಿಂಡಿಗೆ ಬರತೈತಿ. ಮರಿ ಹೋತಂದ್ರ?”

“ನನ್ನ ಮನಿ ಮರಿ ನಿಂದು.”

ಕಾವಲು ಒಪ್ಪಿಕೊಂಡವನೇ ಹೋದ ಮರಿಗೆ ಬದಲು ಕೊಡಬೇಕು. ಇದು ಈ ಎರಡು ಮನೆಗಳ ನಡುವೆ ಹಿಂದಿನಿಂದ ನಡೆದುಬಂದ ರೂಢಿ. ಆ ಮಾತಿನ ಮೇಲೆ ಕಲ್ಲಪ್ಪ ಒಪ್ಪಿದರು.

ಕಳೆದ ವಾರ ಒಂದು ಮರಿ ತೋಳದ ಬಾಯಿಗೆ ಹೋಯಿತು. ಯಂತ್ರದ ಕಂಬದ ಹಗ್ಗ ಸಡಿಲಾಗಿ ತಂತಿ ಜೋತುಬಿದ್ದದ್ದು ಕಂಡು ಲಗಮಪ್ಪ ಅತ್ತ ಹೋಗಿದ್ದರು. ಬಿಗಿದು ಬರುವಷ್ಟರಲ್ಲಿ ಹಿಂಡು ಚೆದುರಿತ್ತು. “ಎರಡೂ ಕಡೆ ಕಣ್ಣಿಟ್ಟೆ. ತಪ್ಪಾತ್ರಿ,” ಎನ್ನುತ್ತಾರೆ.

ಮನೆಯಲ್ಲಿದ್ದದ್ದು ಒಂದೇ ಹೆಣ್ಣುಮರಿ. ತಾಯಿ ಸತ್ತ ಆ ಮರಿಯನ್ನು ಹೆಂಡತಿ ರಾಮವ್ವ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದರು. “ಪಗಾರ ನಿಮಗ, ಮರಿ ನಂದೇನ್ರಿ?” ಎಂದು ಕೇಳಿದ ರಾಮವ್ವ, ಸ್ವಲ್ಪ ಹೊತ್ತಿನ ಮೇಲೆ ತಾವೇ ಅದರ ಕೊರಳ ಗೆಜ್ಜೆ ಬಿಚ್ಚಿಟ್ಟುಕೊಂಡು ಮರಿಯನ್ನು ಗಂಡನ ಕೈಗೆ ಕೊಟ್ಟರು.

ಕಲ್ಲಪ್ಪ ಬೇಡವೆನ್ನಲಿಲ್ಲ, ಮರಿಯನ್ನು ಹಿಂಡಿಗೆ ಬಿಟ್ಟುಕೊಂಡರು. ಮರುದಿನ ನಸುಕಿನಲ್ಲಿ ಲಗಮಪ್ಪ ಹೋದಾಗ ಝಟಕಾ ಆಗಲೇ ಬಂದ್ ಆಗಿತ್ತು. ಹಿಂಡಿನ ಆಚೆ ಬದಿ ಕಲ್ಲಪ್ಪ ಕೋಲೂರಿ ನಿಂತಿದ್ದರು. “ಈ ಕಡೆ ನಾ ಅದೇನಿ. ಆ ಕಡೆ ನೋಡ ಮಾಂವಾ.” ಅಂದಿನಿಂದ ಕಾವಲು ಇಬ್ಬರದು.

ಈಗ ಹೊತ್ತು ಮೂಡಿದೆ. ಕೋಣೆಯೊಳಗೆ ಪರದೆಯ ಮೇಲೆ ಮರುದನಿಯ ಗೆರೆ ಸ್ವಚ್ಛವಾಗಿದೆ. ಯಂತ್ರ ಇಲ್ಲೇ ಉಳಿಯುವುದೇ ಎಂಬುದು ತಿಂಗಳು ಮುಗಿಯುವವರೆಗೆ ನೇತ್ರಾ ಅವರಿಗೂ ತಿಳಿಯದು. ಲಗಮಪ್ಪ ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಾರೆ.

“ಹೋದ್ರ ಹೋಗಲಿ ಅನ್ನಾಕ ಈಗ ಆಗಂಗಿಲ್ರಿ,” ಎನ್ನುತ್ತಾರೆ. “ಯಂತ್ರ ಉಳೀತು ಅಂತ ಮರಿ ಕೊಟ್ಟ ರಾಮವ್ವನ ಮುಂದ ಒಮ್ಮಿ ಹೇಳಬೇಕು.”