ಬಟ್ಟಲಲ್ಲಿ ಬಲಿಯುವ ಬಣ್ಣ

ಬೆಳಕು ಹರಿಯುವ ಹೊತ್ತಿಗೇ ಅವರು ಪ್ರಯೋಗಾಲಯದಲ್ಲಿರುತ್ತಾರೆ. ಕೈಗೆ ಗವಸು, ತಲೆಗೆ ಟೋಪಿ. ಇವತ್ತು ಮಾತ್ರ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆಯಲು ಕೈಯೇ ಬರುತ್ತಿಲ್ಲ. ಒಳಗಿರುವುದು ಚರ್ಮ! ಅದೂ ಮನುಷ್ಯರದ್ದೇ. ದಾನಿಗಳು ಕೊಟ್ಟ ಜೀವಕೋಶಗಳನ್ನು ಪುಟ್ಟ ಬಟ್ಟಲುಗಳಲ್ಲಿ ಬೆಳೆಸಿದ, ಅಂಗಿಯ ಗುಂಡಿಯಷ್ಟಗಲದ ತುಣುಕುಗಳು. ಮೈಬಣ್ಣ ಹೇಗೆ ಬರುತ್ತದೆ, ಏಕೆ ಮಾಯವಾಗುತ್ತದೆ ಎಂದು ವಿಜ್ಞಾನಿಗಳು ಹುಡುಕುವುದು ಇವುಗಳಲ್ಲೇ. ಬೆಳೆಸಿಕೊಡುವ ಈ ಸಹಾಯಕಿ ಇಲ್ಲಿ ಎಲ್ಲರ ಬಾಯಲ್ಲೂ 'ಬಟ್ಟಲಕ್ಕ'.

"ಬುಡ ಒದ್ದೆ ಇರ್ಬೇಕು, ನೆತ್ತಿ ಒಣಗಿರ್ಬೇಕು. ಇಷ್ಟೇ ನೋಡಿ ನನ್ನ ಕೆಲಸ," ಎನ್ನುತ್ತಾರೆ. ಪೋಷಕ ದ್ರವವನ್ನು ಕೆಳಗಿನಿಂದ ಹೀರಿಕೊಂಡು, ಮೇಲೆ ಗಾಳಿಗೆ ತೆರೆದುಕೊಂಡರೆ ಮಾತ್ರ ತುಣುಕು ನಿಜವಾದ ಚರ್ಮದಂತೆ ಬಲಿಯುತ್ತದೆ. ಚರ್ಮಕ್ಕೆ ಭಾನುವಾರವಿಲ್ಲ, ಹಾಗಾಗಿ ಅವರಿಗೂ ರಜೆ ಅಷ್ಟಕ್ಕಷ್ಟೇ.

ಕಳೆದ ವಾರ ಆ ನೆತ್ತಿಯೇ ಒದ್ದೆಯಾಯಿತು. ಮಗಳ ಜ್ವರದ ಯೋಚನೆಯಲ್ಲಿ, ಒಮ್ಮೆ ದ್ರವ ಹಾಕಿದ ತಟ್ಟೆಗೆ ಮತ್ತೊಮ್ಮೆ ಹಾಕಿಬಿಟ್ಟರು. ಬಟ್ಟಲುಗಳು ಮುಳುಗಿದವು. ಅವು ಒಬ್ಬ ದಾನಿಯ ಕೊನೆಯ ಕೋಶಗಳು. ಕೆಟ್ಟರೆ ಮತ್ತೆ ಸಿಗುವಂತಿಲ್ಲ, ತೊನ್ನಿನ ಔಷಧಿಯ ಪರೀಕ್ಷೆ ಅಲ್ಲಿಗೇ ನಿಂತಂತೆ. ಮುಚ್ಚಿಡಲು ಮನಸ್ಸಾಗಲಿಲ್ಲ. ನೇರವಾಗಿ ಹಿರಿಯ ವಿಜ್ಞಾನಿಯ ಮುಂದೆ ನಿಂತು, "ಮುಳುಗಿಸಿಬಿಟ್ಟೆ ಮೇಡಂ," ಎಂದರು.

"ಬೇಗ ಹೇಳಿದ್ರಲ್ಲ, ಬದುಕಿಸ್ಕೋಬಹುದು. ಮೇಲಿನ ದ್ರವ ತೆಗೀರಿ, ಬಣ್ಣ ಬರುತ್ತಾ ಕಾಯೋಣ," ಎಂದರು ಮೇಡಂ.

ಕಾಯುವುದೇನು ಹುಡುಗಾಟವೇ? ದಿನವೂ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಮನೆಯಲ್ಲಿ ಅತ್ತೆಯ ತಮಾಷೆ ಬೇರೆ: "ಲೋಕವೆಲ್ಲ ಬೆಳ್ಳಗಾಗೋಕೆ ಒದ್ದಾಡುತ್ತೆ. ನಮ್ಮ ಸೊಸೆ ಮಾತ್ರ ಕಪ್ಪಾಗ್ಲಪ್ಪಾ ಅಂತ ನಿದ್ದೆಗೆಡ್ತಾಳೆ!" ಹಾಗೆ ನಗಿಸುವ ಅತ್ತೆಯ ಕೈಗಳಲ್ಲೇ ತೊನ್ನಿದೆ. ಹೊರಗೆ ಹೊರಟರೆ ರವಿಕೆಯ ತೋಳನ್ನು ಬೆರಳಿನವರೆಗೂ ಎಳೆದುಕೊಳ್ಳುತ್ತಾರೆ.

ಕೊನೆಗೂ ಧೈರ್ಯ ಮಾಡಿ ಬಾಗಿಲು ತೆರೆದು, ತಟ್ಟೆಯನ್ನು ದೀಪದ ಕೆಳಗೆ ಹಿಡಿಯುತ್ತಾರೆ. ನಿನ್ನೆಯವರೆಗೂ ಪೇಲವವಾಗಿದ್ದ ತುಣುಕುಗಳಲ್ಲಿ ಕಂದು ಚುಕ್ಕಿಗಳು. ಒಂದರಲ್ಲಲ್ಲ, ಎಲ್ಲದರಲ್ಲೂ! "ಅಬ್ಬಾ, ಬಂತು!" ಎಂದು ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಅಳುವೂ ನಗುವೂ ಒಟ್ಟಿಗೇ ಬರುತ್ತವೆ. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ, "ಚೆನ್ನಾಗಿ ಬಲಿತಿದೆ, ಔಷಧಿ ಶುರು ಮಾಡೋಣ," ಎಂದ ಮೇಲೆಯೇ ಹೋದ ಜೀವ ಮರಳುತ್ತದೆ.

ಮೊದಲ ಫೋನು ಅತ್ತೆಗೆ. "ಕಪ್ಪಾದ್ವು ಅತ್ತೆ, ಎಲ್ಲಾ ಕಪ್ಪಾದ್ವು!"

"ಪುಣ್ಯಾತ್ಗಿತ್ತಿ, ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣು," ಎನ್ನುತ್ತಾರೆ ಅತ್ತೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಆ ಔಷಧಿ ಕೆಲಸ ಮಾಡುತ್ತಾ?"

"ಗೊತ್ತಿಲ್ಲ ಅತ್ತೆ," ಎನ್ನುತ್ತಾರೆ ಬಟ್ಟಲಕ್ಕ. "ಗೆದ್ರೆ ಗೆಲ್ಲಲಿ. ಸೋತ್ರೆ ಔಷಧಿಯಿಂದ ಸೋಲಲಿ, ನನ್ನ ಕೈಯಿಂದ ಬೇಡ."