ದೇವದೂತ ಉಂಡನೋ ಇಲ್ಲವೋ

ಟಿವಿಯಲ್ಲಿ ಬಿಳಿ ರೆಕ್ಕೆಯ ದೇವದೂತ ಕಾಣಿಸಿದ್ದೇ ತಡ, ನಮ್ಮ ದೊಡ್ಡಮ್ಮ ಎದ್ದು ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿಬಿಟ್ಟರು. ಹಾನುಬಾಳಿನ ನಮ್ಮ ಜಗಲಿ ತುಂಬ ಕೂತಿದ್ದ ನೆಂಟರು, ಕಾಫಿ ಎಸ್ಟೇಟಿನ ಲೈನ್‌ಮನೆಗಳ ಕೂಲಿಯವರು ಎಲ್ಲರೂ ಕೈಮುಗಿದರು.

ಅದು ದೇವರ ಪಿಕ್ಚರ್ ಅಲ್ಲ, ವಿದೇಶದ ಕಲಾತ್ಮಕ ಸಿನಿಮಾ. ನಮ್ಮ ವಂಶದಲ್ಲೇ ಮೊದಲು ಬಿ.ಎ. ಮಾಡಿದ್ದು ನಾನು. ಓದಿದವರು ಎಂಥ ಸಿನಿಮಾ ನೋಡುತ್ತಾರೆಂದು ಊರಿಗೆ ತೋರಿಸಲು ಸಕಲೇಶಪುರದಿಂದ ಸಿ.ಡಿ. ತಂದಿದ್ದೆ. ಮಧ್ಯದಲ್ಲಿ ಒಬ್ಬರು ಎದ್ದು ಹೋದರೂ ನನ್ನ ಮರ್ಯಾದೆ ಹೋದಂತೆಯೇ.

ಯಾರೂ ಏಳಲಿಲ್ಲ. ಮನುಷ್ಯನಾಗುವ ಆಸೆ ಹೊತ್ತ ದೇವದೂತ ಒಂದು ಮನೆಯ ಕಿಟಕಿಯಾಚೆ ನಿಂತು, ಒಳಗಿನವರು ಉಣ್ಣುವುದನ್ನೇ ನೋಡುತ್ತಿದ್ದ. ಎಷ್ಟು ಹೊತ್ತಾದರೂ ಒಂದು ಮಾತಿಲ್ಲ. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ.

"ಬಾಗ್ಲಿಗೆ ಬಂದೋನ್ನ ಉಣ್ಣಾಕೆ ಕರೀತಿಲ್ವಲ್ಲ, ಎಂಥಾ ಜನ ಕಣ್ರೀ ಇವ್ರು!" ಎಂದು ಸಿನಿಮಾದವರಿಗೇ ಬೈದು, ಟಿವಿ ಮುಂದೆ ಎರಡು ಬಾಳೆಹಣ್ಣು ಇಟ್ಟರು.

ದೇವದೂತ ಅಲ್ಲೇ ನಿಂತಿದ್ದ ಹಾಗೆಯೇ ಸಿನಿಮಾ ಮುಗಿಯಿತು. ಅದರ ಅರ್ಥ ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ.

"ಅದೆಲ್ಲ ಇರ್ಲಿ ಮಗಾ, ಕೊನೀಗೆ ಅವ್ನು ಉಂಡ್ನಾ?" ಎಂದರು ದೊಡ್ಡಮ್ಮ. ಉತ್ತರ ಸಿಗದೆ ಯಾರೂ ಮನೆಗೆ ಹೊರಡುವಂತೆ ಕಾಣಲಿಲ್ಲ.

"ಉಂಡ, ದೊಡ್ಡಮ್ಮ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ," ಎಂದೆ.

"ಹಂಗಾರೆ ಪಿಕ್ಚರ್ ಚೆನ್ನಾಗೈತೆ. ಏಳ್ರೋ, ಹೋಗಾನ."

ಆಮೇಲೆ ಅಂಥ ಎಷ್ಟೋ ಸಿನಿಮಾ ನೋಡಿ, ದೊಡ್ಡವರ ಜೊತೆ ಕೂತು ಚರ್ಚೆಯನ್ನೂ ಮಾಡಿದ್ದೇನೆ. ಆದರೆ ಕೊನೆಯಲ್ಲಿ ಯಾರಾದರೂ ಹಸಿದುಕೊಂಡೇ ನಿಂತಿದ್ದರೆ ನನಗೆ ಸಮಾಧಾನವಿಲ್ಲ. ಮನೆಗೆ ಬರುವ ದಾರಿಯಲ್ಲಿ ಮನಸ್ಸಿನಲ್ಲೇ ಅವರಿಗೊಂದು ಎಲೆ ಹಾಕಿ ಬಡಿಸುತ್ತೇನೆ.